ಶಾಂತಿ ಸಭೆಗೆ ಹೆಂಗಸರು ಬಂದ ಮೇಲೆ: ಮಂಗಳೂರು ಹೊರವಲಯದ ಒಂದು ಪ್ರಕರಣ

ಕೋಮು ಗಲಾಟೆಯಾದ ಮೇಲೆ ಪೊಲೀಸ್ ಠಾಣೆಯಲ್ಲಿ ಕರೆದ ಶಾಂತಿ ಸಭೆಯ ನಡಾವಳಿಯಲ್ಲಿ ಐದನೇ ಅಂಶ ಹೀಗಿತ್ತು: "ಹೆಣ್ಣುಮಕ್ಕಳು ಸಂಜೆ ಆರು ಗಂಟೆಯೊಳಗೆ ಮನೆ ಸೇರುವಂತೆ ಪೋಷಕರು ನೋಡಿಕೊಳ್ಳುವುದು." ಕೆಳಗೆ ಊರಿನ ಮುಖಂಡರೆಲ್ಲರ ಸಹಿ. ಅದರಲ್ಲಿ ಒಂದೂ ಹೆಂಗಸಿನ ಸಹಿ ಇರಲಿಲ್ಲ.

ಇದು ಮಂಗಳೂರು ನಗರದ ಅಂಚಿನ ಒಂದು ಊರಿನ ಪ್ರಕರಣ. ಊರಿನ ಹೆಸರು, ಠಾಣೆಯ ಹೆಸರು ಬರೆಯುವುದಿಲ್ಲ. ಯಾರ ಗುರುತೂ ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾನು ಕಾಲೇಜಿನಲ್ಲಿ ಸಮಾಜಕಾರ್ಯ ಕಲಿಸುತ್ತೇನೆ. ನಮ್ಮ ವಿದ್ಯಾರ್ಥಿನಿಯರು ಫೀಲ್ಡ್ ವರ್ಕ್‌ಗೆ ಅಲ್ಲಿನ ಅಂಗನವಾಡಿಗೆ ಹೋಗುತ್ತಿದ್ದರು. ಹಾಗಾಗಿ ನಡೆದದ್ದನ್ನು ಹತ್ತಿರದಿಂದ ನೋಡುವಂತಾಯಿತು. ಎರಡನೇ ಸಭೆಯಲ್ಲಿ ನಾನೂ ಇದ್ದೆ.

ಈ ಪ್ರಕರಣ ಬರೆಯಲು ಕಾರಣ ಉಂಟು. ಮಹಿಳೆ, ಶಾಂತಿ, ಭದ್ರತೆ ಎಂಬ ವಿಷಯ ಬಂದಾಗಲೆಲ್ಲ ನಮ್ಮ ತರಗತಿಗಳಲ್ಲಿ ಲೈಬೀರಿಯಾ, ಕೊಲಂಬಿಯಾ, ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಎಂದು ಪಾಠ ಹೋಗುತ್ತದೆ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಪರೀಕ್ಷೆ ಬರೆಯುತ್ತಾರೆ. ನಮ್ಮದೇ ಠಾಣೆಯ ಮಹಡಿ ಮೇಲೆ ನಡೆಯುವ ಶಾಂತಿ ಸಭೆಗೂ ಆ ಪಾಠಕ್ಕೂ ಸಂಬಂಧ ಉಂಟು ಎಂದು ಯಾರಿಗೂ ಹೊಳೆಯುವುದಿಲ್ಲ.

ಊರು ಮತ್ತು ಘಟನೆ

ಒಂದು ಬದಿ ಹೆದ್ದಾರಿ, ಇನ್ನೊಂದು ಬದಿ ಹೊಳೆ. ನಡುವೆ ಜಂಕ್ಷನ್. ಅಲ್ಲಿ ರಿಕ್ಷಾ ಪಾರ್ಕ್, ಎರಡು ಹೋಟೆಲ್, ಒಂದು ಮೆಡಿಕಲ್, ಕೋಳಿ ಅಂಗಡಿ, ಬೀಡಿ ಬ್ರಾಂಚ್. ಮೇಲಿನ ಗುಡ್ಡೆಯಲ್ಲಿ ಹಿಂದೂಗಳ ಮನೆ ಜಾಸ್ತಿ, ಕೆಳಗೆ ಹೊಳೆ ಬದಿಯಲ್ಲಿ ಬ್ಯಾರಿ ಮುಸ್ಲಿಮರ ಮನೆ ಜಾಸ್ತಿ, ಚರ್ಚಿನ ಹಿಂದೆ ಕ್ರೈಸ್ತರದ್ದು. ಮೂರೂ ಕಡೆಯ ಹೆಂಗಸರು ಬೀಡಿ ಕಟ್ಟುತ್ತಾರೆ. ಕೆಲವರು ಬೆಳಗ್ಗೆ ದಕ್ಕೆಯಿಂದ (ಮೀನಿನ ಬಂದರಿನಿಂದ) ಮೀನು ತಂದು ಮಾರುತ್ತಾರೆ. ಹೊಸ ತಲೆಮಾರಿನ ಹುಡುಗಿಯರು ನಗರದ ಬಟ್ಟೆ ಅಂಗಡಿ, ಆಸ್ಪತ್ರೆಗಳಿಗೆ ಕೆಲಸಕ್ಕೆ ಹೋಗುತ್ತಾರೆ.

ಒಂದು ಮಧ್ಯಾಹ್ನ ಜಂಕ್ಷನ್ನಿನ ಬಸ್ ಸ್ಟಾಪಿನಲ್ಲಿ ಕಾಲೇಜು ಹುಡುಗಿಯೊಬ್ಬಳು ತನ್ನ ಕ್ಲಾಸಿನ ಹುಡುಗನ ಜೊತೆ ಮಾತಾಡುತ್ತಿದ್ದಳು. ಝೆರಾಕ್ಸ್ ಮಾಡಿಸಿದ ನೋಟ್ಸು ಕೊಡುವುದಿತ್ತು, ಅಷ್ಟೇ. ಇಬ್ಬರ ಧರ್ಮ ಬೇರೆ. ಬೈಕಿನಲ್ಲಿ ಬಂದ ನಾಲ್ಕೈದು ಹುಡುಗರು ಸುತ್ತ ನಿಂತು ಹೆಸರು ಕೇಳಿದರು, ಐಡಿ ಕಾರ್ಡ್ ಎಳೆದು ನೋಡಿದರು, ಹುಡುಗನಿಗೆ ಹೊಡೆದರು, ಹುಡುಗಿಯ ಮುಖಕ್ಕೆ ಮೊಬೈಲ್ ಹಿಡಿದು ವಿಡಿಯೊ ಮಾಡಿದರು. ರಾತ್ರಿಯೊಳಗೆ ಅದು ಊರಿನ ಎಲ್ಲ ವಾಟ್ಸಾಪ್ ಗ್ರೂಪಿಗೂ ಹೋಗಿತ್ತು. ಮರುದಿನ ಪ್ರತೀಕಾರ ಎಂದು ಇನ್ನೊಂದು ಕಡೆಯವರು, ಇದಕ್ಕೆ ಏನೂ ಸಂಬಂಧವಿಲ್ಲದ ಒಬ್ಬ ಹುಡುಗನಿಗೆ ಚೂರಿ ಹಾಕಿದರು. ಅವನು ಬದುಕಿದ. ಬಸ್ಸಿಗೆ ಕಲ್ಲು ಬಿತ್ತು. ಅಂಗಡಿಗಳ ಶಟರ್ ಬಿತ್ತು. ನಿಷೇಧಾಜ್ಞೆ ಬಂತು.

ಈ ಜಿಲ್ಲೆಗೆ ಇದು ಹೊಸತಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ ಒಂದಕ್ಕೆ ನುಗ್ಗಿ ಹುಡುಗಿಯರನ್ನು ಹೊಡೆದದ್ದು, 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇ ದಾಳಿ, ಇವೆಲ್ಲ ದೇಶಕ್ಕೇ ಗೊತ್ತು. ಕೋಮು ಹಿಂಸೆ ತಡೆಯಲೆಂದು ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗೆ ಸರ್ಕಾರ 2025ರ ಜೂನ್‌ನಲ್ಲಿ ವಿಶೇಷ ಕಾರ್ಯಪಡೆಯನ್ನೇ ಆರಂಭಿಸಿತು. ಎಷ್ಟೋ ಸಲ ಗಲಾಟೆ ಶುರುವಾಗುವುದು ಒಬ್ಬಳು ಹುಡುಗಿ ಯಾರ ಜೊತೆ ಮಾತಾಡಿದಳು, ಯಾವ ಬಟ್ಟೆ ಹಾಕಿದಳು, ಎಲ್ಲಿಗೆ ಹೋದಳು ಎಂಬುದರಿಂದ. ಅದನ್ನು ಮುಗಿಸುವ ಮಾತುಕತೆಯಲ್ಲಿ ಮಾತ್ರ ಆ ಹುಡುಗಿಯೂ ಇಲ್ಲ, ಅವಳ ಅಮ್ಮನೂ ಇಲ್ಲ.

ಮೊದಲ ಸಭೆ

ಶಾಂತಿ ಸಭೆ ಹೇಗೆ ನಡೆಯುತ್ತದೆ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಗಣೇಶ ಚೌತಿಗೆ ಮೊದಲು, ಮೊಸರು ಕುಡಿಕೆಗೆ ಮೊದಲು, ಈದ್ ಮಿಲಾದ್‌ಗೆ ಮೊದಲು ಠಾಣೆಯಿಂದ ಫೋನ್ ಬರುತ್ತದೆ. ಗಲಾಟೆಯಾದರೆ ಆಗಲೂ ಬರುತ್ತದೆ. ಫೋನ್ ಹೋಗುವುದು ಒಂದು ಹಳೇ ಪಟ್ಟಿಯಲ್ಲಿರುವ ನಂಬರುಗಳಿಗೆ. ದೇವಸ್ಥಾನದ ಆಡಳಿತ ಮೊಕ್ತೇಸರರು, ಜಮಾತಿನ ಅಧ್ಯಕ್ಷರು, ಚರ್ಚ್ ಪಾಲನಾ ಮಂಡಳಿಯವರು, ವರ್ತಕರ ಸಂಘ, ರಿಕ್ಷಾ ಪಾರ್ಕಿನವರು, ಯುವಕ ಮಂಡಲ, ಪಕ್ಷಗಳ ಮುಖಂಡರು. ಯಾರೂ ಬೇಕೆಂದೇ ಹೆಂಗಸರನ್ನು ಬಿಟ್ಟಿರಲಿಲ್ಲ. ಆ ಪಟ್ಟಿಯಲ್ಲಿರುವ ಹುದ್ದೆಗಳಲ್ಲೇ ಹೆಂಗಸರಿಲ್ಲ, ಅಷ್ಟೇ. ಇದ್ದ ಒಂದೇ ಹುದ್ದೆ ಗ್ರಾಮ ಪಂಚಾಯತ್ ಅಧ್ಯಕ್ಷೆಯದ್ದು. ಕರ್ನಾಟಕದ ಪಂಚಾಯತ್‌ಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. ಆದರೆ ಅವರ ಪರವಾಗಿ ಅವತ್ತು ಬಂದದ್ದು ಅವರ ಗಂಡ.

ಆ ಸಭೆಯಲ್ಲಿ ಜಗಳ ಜೋರಾಗಿಯೇ ಆಯಿತಂತೆ. ಬ್ಯಾನರ್, ಬಂಟಿಂಗ್ಸ್ ಯಾರು ಮೊದಲು ತೆಗೆಯಬೇಕು, ಯಾರ ಮೇಲೆ ಕೇಸು, ಹೊರಗಿನವರನ್ನು ಕರೆಸಿದ್ದು ಯಾರು, ಹೀಗೆ ಒಂದೊಂದಕ್ಕೂ ಗಂಟೆಗಟ್ಟಲೆ. ತಕರಾರಿಲ್ಲದೆ ಪಾಸಾದದ್ದು ಐದನೇ ಅಂಶ ಮಾತ್ರ. ಎರಡು ದಿನ ಮುಖ ನೋಡದವರು ಆ ಒಂದು ಮಾತಿಗೆ ಒಟ್ಟಿಗೆ ತಲೆಯಾಡಿಸಿದರು. ಈ ಸಂಗತಿಯೇ ನನ್ನನ್ನು ಬಹಳ ಕಾಡಿದ್ದು. ಗಲಾಟೆ ಮಾಡಿದವರು ಬೈಕಿನ ಹುಡುಗರು, ಚೂರಿ ಹಿಡಿದವರು ಗಂಡು ಹುಡುಗರು. ಅವರಿಗೆ ಹೊತ್ತುಗೊತ್ತಿನ ಕಟ್ಟು ಹಾಕುವ ಯೋಚನೆ ಯಾರಿಗೂ ಬರಲಿಲ್ಲ.

ನಿರ್ಧಾರಗಳ ಬಿಸಿ ಯಾರಿಗೆ ತಟ್ಟಿತು

ಅಂಗಡಿಗಳು ಸಂಜೆ ಬೇಗ ಮುಚ್ಚಬೇಕು, ರಾತ್ರಿಯಿಂದ ಬೆಳಗ್ಗೆ ಆರರ ತನಕ ಯಾರೂ ಓಡಾಡಬಾರದು, ಜಂಕ್ಷನ್ನಿನಲ್ಲಿ ಗುಂಪು ಸೇರಬಾರದು. ಕಾಗದದ ಮೇಲೆ ಎಲ್ಲರಿಗೂ ಒಂದೇ ನಿಯಮ.

ಬೀಡಿಯ ವಿಷಯ ನೋಡಿ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರಬೇಕು. ಎಲೆಯನ್ನು ನೀರಿನಲ್ಲಿ ನೆನೆಸಿ, ಹದಕ್ಕೆ ಬಂದ ಮೇಲೆ ಅಳತೆಯ ತಗಡು ಇಟ್ಟು ಕತ್ತರಿಸಬೇಕು. ಆಮೇಲೆ ತಡ್ಪೆ (ಮೊರ) ಮಡಿಲಲ್ಲಿಟ್ಟು ಸುತ್ತುವುದು. ನೆನೆಸಿದ ಎಲೆ ಕಾಯುವುದಿಲ್ಲ. ಮಳೆಗಾಲದಲ್ಲಂತೂ ಎರಡು ದಿನ ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಮುಟ್ಟಿಸಿದರೆ ಮಾತ್ರ ಲೆಕ್ಕ ಪುಸ್ತಕದಲ್ಲಿ ಬರೆಯುತ್ತಾರೆ, ಮಜೂರಿ ಸಿಗುತ್ತದೆ. ಬ್ರಾಂಚ್ ಜಂಕ್ಷನ್ನಿನಲ್ಲಿದೆ. ಜಂಕ್ಷನ್ ಬಂದ್. ಅಂದರೆ ಕಟ್ಟಿದ ಬೀಡಿ ಮನೆಯಲ್ಲೇ, ನೆನೆಸಿದ ಎಲೆ ಹಾಳು, ಹೊಸ ಎಲೆ ಇಲ್ಲ. ಹಾಳಾದ ಎಲೆಯ ಲೆಕ್ಕ ಕೊನೆಗೆ ಬರುವುದು ಕಟ್ಟುವವಳ ತಲೆಗೇ. ಹಿಂದೂ, ಬ್ಯಾರಿ, ಕ್ರೈಸ್ತ ಮೂರೂ ಮನೆಗಳಲ್ಲಿ ಆ ವಾರ ಇದೇ ಕಥೆ.

ಮೀನಿನವರಿಗೆ ಇನ್ನೊಂದು ತೊಂದರೆ. ಅವರು ನಾಲ್ಕೂವರೆಯ ಟೆಂಪೊ ಹತ್ತಿದರೆ ಮಾತ್ರ ದಕ್ಕೆಯಲ್ಲಿ ಒಳ್ಳೆ ಮೀನು ಸಿಗುವುದು. ಹಾಲು, ಔಷಧ, ಪೇಪರಿಗೆ ರಿಯಾಯಿತಿ ಇತ್ತು. ಮೀನಿಗೆ ಇರಲಿಲ್ಲ. ಚೆಕ್‌ಪೋಸ್ಟಿನಲ್ಲಿ ಬುಟ್ಟಿ ಹಿಡಿದವರನ್ನು ವಾಪಸ್ ಕಳಿಸಿದರು.

ಆಸ್ಪತ್ರೆಯಲ್ಲಿ ರಾತ್ರಿ ಎಂಟಕ್ಕೆ ಡ್ಯೂಟಿ ಬಿಡುವ ಹುಡುಗಿಯರಿಗೆ ಬಸ್ ಇಲ್ಲ. ಆಶಾ ಕಾರ್ಯಕರ್ತೆಗೆ ಹೊಳೆ ಬದಿಗೆ ಹೋಗಬೇಡ ಎಂದು ಮನೆಯವರ ತಾಕೀತು. ಅಲ್ಲಿ ತಿಂಗಳು ತುಂಬಿದ ಬಸುರಿಯೊಬ್ಬಳಿದ್ದಳು. ವಿಡಿಯೊದಲ್ಲಿದ್ದ ಹುಡುಗಿಯನ್ನು ಕಾಲೇಜು ಬಿಡಿಸಿ ಮನೆಯಲ್ಲಿ ಕೂರಿಸಿದ್ದರು. ಐದನೇ ಅಂಶ ನೋಡಿ ಇನ್ನೂ ಕೆಲವು ಮನೆಗಳಲ್ಲಿ ಹಾಗೇ ಮಾಡಿದರು. ಊರಿಗೆ ಶಾಂತಿ ಬರಲಿ ಎಂದು ಮಾಡಿದ ಒಪ್ಪಂದದ ಬೆಲೆ ತೆತ್ತದ್ದು ಪೂರಾ ಹೆಂಗಸರು. ಸಭೆಯಲ್ಲಿದ್ದವರಿಗೆ ಇದು ಗೊತ್ತಿರಲಿಲ್ಲ ಎಂದೇ ನಾನು ನಂಬುತ್ತೇನೆ. ಗೊತ್ತಿರಲಿಲ್ಲ ಎಂಬುದೇ ಇಲ್ಲಿಯ ಸಮಸ್ಯೆ.

ವಿಶ್ವಸಂಸ್ಥೆ ಹೇಳಿದ್ದು

2000ನೇ ಇಸವಿಯ ಅಕ್ಟೋಬರ್ 31ರಂದು ಭದ್ರತಾ ಮಂಡಳಿ ಮಹಿಳೆ, ಶಾಂತಿ, ಭದ್ರತೆಯ ಬಗ್ಗೆ 1325 ಎಂಬ ನಿರ್ಣಯ ತೆಗೆದುಕೊಂಡಿತು. ಆ ತಿಂಗಳು ಮಂಡಳಿಯ ಅಧ್ಯಕ್ಷತೆ ನಮೀಬಿಯಾದ್ದು. ಅದಕ್ಕೂ ಕೆಲವು ತಿಂಗಳು ಮೊದಲು ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನಲ್ಲಿ ಇದೇ ವಿಷಯದ ಘೋಷಣೆಯೊಂದು ಹೊರಬಂದಿತ್ತು. ಅದರ ಹಿಂದೆ 1995ರ ಬೀಜಿಂಗ್ ಮಹಿಳಾ ಸಮ್ಮೇಳನ, ಅದರ ಹಿಂದೆ ರುವಾಂಡಾ ಮತ್ತು ಬೋಸ್ನಿಯಾದ ಹೆಂಗಸರು ಅನುಭವಿಸಿದ ನರಕ. ನಿರ್ಣಯದಲ್ಲಿ 18 ಅಂಶಗಳಿವೆ. ಮೊದಲನೆಯದೇ, ಸಂಘರ್ಷ ತಡೆಯುವ ಮತ್ತು ಬಗೆಹರಿಸುವ ಎಲ್ಲ ಹಂತದ ನಿರ್ಧಾರಗಳಲ್ಲಿ ಹೆಂಗಸರ ಸಂಖ್ಯೆ ಹೆಚ್ಚಬೇಕು ಎನ್ನುತ್ತದೆ. ಎಂಟನೇ ಅಂಶದಲ್ಲಿ ಸ್ಥಳೀಯ ಹೆಂಗಸರ ಶಾಂತಿ ಪ್ರಯತ್ನಗಳಿಗೆ ಬೆಂಬಲ ಕೊಡಿ ಎಂದಿದೆ. ಆಮೇಲೆ ಇದೇ ಜಾಡಿನಲ್ಲಿ ಇನ್ನೂ ಒಂಬತ್ತು ನಿರ್ಣಯಗಳು ಬಂದವು. 2008ರ 1820 ಯುದ್ಧಕಾಲದ ಲೈಂಗಿಕ ಹಿಂಸೆಯ ಬಗ್ಗೆ, 2019ರ 2493 ಈ ಮಾತುಗಳನ್ನೆಲ್ಲ ಪೂರ್ತಿ ಜಾರಿ ಮಾಡಿ ಎನ್ನುವುದಕ್ಕೆ.

ಜಾರಿ ಮಾಡಿ ಎಂದು ಹತ್ತೊಂಬತ್ತು ವರ್ಷದ ಮೇಲೂ ಹೇಳಬೇಕಾಯಿತು. 1992ರಿಂದ 2019ರ ತನಕದ ದೊಡ್ಡ ಶಾಂತಿ ಮಾತುಕತೆಗಳನ್ನು ಲೆಕ್ಕ ಹಾಕಿದಾಗ ಮಾತುಕತೆಗೆ ಕೂತವರಲ್ಲಿ ಹೆಂಗಸರು ಸರಾಸರಿ ಶೇ. 13, ಮಧ್ಯಸ್ಥರಲ್ಲಿ ಶೇ. 6, ಸಹಿ ಹಾಕಿದವರಲ್ಲಿ ಶೇ. 6. ನಮ್ಮ ಠಾಣೆಯ ಸಭೆಯಲ್ಲಿ ಸೊನ್ನೆ. ಪ್ರಪಂಚದ ಹಣೆಬರಹಕ್ಕಿಂತ ನಮ್ಮದು ಬಹಳ ಬೇರೆಯೇನಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. 1325 ಸಶಸ್ತ್ರ ಸಂಘರ್ಷಕ್ಕೆ ಸಂಬಂಧಿಸಿದ್ದು. ಮಂಗಳೂರಿನಲ್ಲಿ ಯುದ್ಧ ನಡೆಯುತ್ತಿಲ್ಲವಲ್ಲ? ಸರಿಯಾದ ಪ್ರಶ್ನೆ. ಆ ನಿರ್ಣಯವನ್ನು ಹಿಡಿದುಕೊಂಡು ಇನ್‌ಸ್ಪೆಕ್ಟರ್ ಮುಂದೆ ಹೋಗಲು ಬರುವುದಿಲ್ಲ. ಆದರೆ ಇನ್ನೊಂದು ದಾಖಲೆ ಉಂಟು. ಹೆಂಗಸರ ಮೇಲಿನ ಎಲ್ಲ ಬಗೆಯ ತಾರತಮ್ಯ ತೊಲಗಿಸುವ ಒಡಂಬಡಿಕೆಯನ್ನು ಭಾರತ 1993ರಲ್ಲಿ ಒಪ್ಪಿಕೊಂಡಿದೆ. ಅದರ ಸಮಿತಿ 2013ರಲ್ಲಿ 30ನೇ ಸಾಮಾನ್ಯ ಶಿಫಾರಸು ಹೊರಡಿಸಿತು. ಯುದ್ಧವೆಂದು ಕರೆಯಲಾಗದ ಗಲಭೆಗಳಿಗೂ, ಜನಾಂಗೀಯ ಮತ್ತು ಕೋಮು ಹಿಂಸೆಗೂ ಇದು ಅನ್ವಯಿಸುತ್ತದೆ ಎಂದು ಅಲ್ಲಿ ಬಿಡಿಸಿಯೇ ಬರೆದಿದ್ದಾರೆ. ನಾನು ಈ ಸಾಲನ್ನು ಮತ್ತೆ ಮತ್ತೆ ಓದಿದ್ದೇನೆ. ನಮ್ಮ ಜಂಕ್ಷನ್ ಆ ಸಾಲಿನೊಳಗೆ ಬರುತ್ತದೆ.

1325ನ್ನು ಜಾರಿ ಮಾಡಲು ಅನೇಕ ದೇಶಗಳು ರಾಷ್ಟ್ರೀಯ ಕ್ರಿಯಾ ಯೋಜನೆ ಮಾಡಿಕೊಂಡಿವೆ. ನೇಪಾಳ 2011ರಲ್ಲಿ, ಬಾಂಗ್ಲಾದೇಶ 2019ರಲ್ಲಿ ಮಾಡಿತು. ಭಾರತಕ್ಕೆ ಅಂಥ ಯೋಜನೆ ಇಲ್ಲ. ಹಾಗೆಂದು ಭಾರತ ಕೈಕಟ್ಟಿ ಕೂತಿಲ್ಲ. 2007ರಲ್ಲಿ ಲೈಬೀರಿಯಾಕ್ಕೆ ಸಿಆರ್‌ಪಿಎಫ್‌ನ ಪೂರ್ತಿ ಮಹಿಳಾ ಪೊಲೀಸ್ ತುಕಡಿ ಕಳಿಸಿದ್ದು ಭಾರತ. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಅಂಥದ್ದು ಅದೇ ಮೊದಲು. 2016ರ ತನಕ ತುಕಡಿಗಳು ಬದಲಾಗುತ್ತ ಅಲ್ಲಿ ಕೆಲಸ ಮಾಡಿದವು. ಮೇಜರ್ ಸುಮನ್ ಗವಾನಿ ಮತ್ತು ಮೇಜರ್ ರಾಧಿಕಾ ಸೇನ್ ಅವರಿಗೆ ವಿಶ್ವಸಂಸ್ಥೆಯ ಪ್ರಶಸ್ತಿ ಬಂದದ್ದೂ ಶಾಂತಿಪಾಲನೆಯಲ್ಲಿ ಹೆಂಗಸರ ಪರವಾಗಿ ಮಾಡಿದ ಕೆಲಸಕ್ಕೆ. ಹೊರದೇಶದಲ್ಲಿ ಒಪ್ಪಿಕೊಂಡು ಮಾಡಿದ್ದನ್ನು ಊರಿನ ಠಾಣೆಯಲ್ಲೂ ಮಾಡಬಹುದು ಎಂಬುದು ನನ್ನ ವಾದ.

ಅಂಗನವಾಡಿಯಲ್ಲಿ

ಊರಿನ ಮೂರೂ ಕಡೆಯ ಹೆಂಗಸರು ತಪ್ಪದೆ ಬರುವ ಜಾಗ ಒಂದೇ, ಅಂಗನವಾಡಿ. ಮಕ್ಕಳ, ಬಸುರಿ ಬಾಣಂತಿಯರ ಆಹಾರ ಹಂಚುವ ದಿನ ಬರಲೇಬೇಕು. ಗಲಾಟೆಯಾದ ಮೇಲೆ ಬಂದ ಅಂಥ ದಿನ ಟೀಚರ್ ಎಲ್ಲರನ್ನೂ ಸ್ವಲ್ಪ ಹೊತ್ತು ಕೂರಿಸಿದರು. ಆಶಾ ಅಕ್ಕ, ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಲೆಕ್ಕ ಬರೆಯುವ ಹುಡುಗಿ, ಬೀಡಿಯವರು, ಮೀನಿನವರು. ನಮ್ಮ ಇಬ್ಬರು ವಿದ್ಯಾರ್ಥಿನಿಯರೂ ಇದ್ದರು.

ಹೆಂಗಸರು ಸೇರಿದ ಕೂಡಲೇ ಶಾಂತಿ ಬಂತು ಎಂದು ಯಾರೂ ತಿಳಿಯಬೇಡಿ. ಮೊದಲ ಅರ್ಧ ಗಂಟೆ ಬರೀ ದೂರು. "ನಿಮ್ಮ ಹುಡುಗರು", "ನಿಮ್ಮವರು". ಆ ವಿಡಿಯೊವನ್ನು ಫಾರ್ವರ್ಡ್ ಮಾಡಿದವರಲ್ಲಿ ಅಲ್ಲಿ ಕೂತಿದ್ದ ಹೆಂಗಸರೂ ಇದ್ದರು. ಕುಟುಂಬದ ಗ್ರೂಪಿಗೆ "ನಮ್ಮ ಮಕ್ಕಳನ್ನು ಜಾಗ್ರತೆ ಮಾಡಿ" ಎಂದು ಸೇರಿಸಿ ಕಳಿಸಿದ್ದರು. ಹೆಂಗಸರು ಹುಟ್ಟಿನಿಂದಲೇ ಶಾಂತಿಪ್ರಿಯರು ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಸಭೆಯಲ್ಲಿ ಅವರಿಗೆ ಜಾಗ ಬೇಕೆನ್ನುವುದು ಅವರು ಒಳ್ಳೆಯವರೆಂಬ ಕಾರಣಕ್ಕಲ್ಲ. ಅವರಿಗೆ ಗೊತ್ತಿರುವ ಸಂಗತಿಗಳು ಆ ಸಭೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಮತ್ತೆ, ಅವರ ಬದುಕಿನ ಮೇಲೆ ತೀರ್ಮಾನ ಮಾಡುವಾಗ ಅವರು ಅಲ್ಲಿರುವುದು ಅವರ ಹಕ್ಕು.

ಮಾತು ತಿರುಗಿದ್ದು ಬೀಡಿ ಎಲೆಯಿಂದ. ಹೊಳೆ ಬದಿಯ ಒಬ್ಬರು ದೊಡ್ಡ ಹೆಂಗಸು ತಮ್ಮ ಬೂಸ್ಟು ಹಿಡಿದ ಎಲೆಯ ಕಟ್ಟನ್ನೇ ಚೀಲದಲ್ಲಿ ತಂದಿದ್ದರು. ಹೊರಗೆ ತೆಗೆದು ಚಾಪೆ ಮೇಲೆ ಇಟ್ಟರು. ಗುಡ್ಡೆಯ ಒಬ್ಬರು ಒಂದು ಎಲೆ ಎತ್ತಿ ಮೂಸಿ ನೋಡಿ, "ನಮ್ಮದೂ ಇಷ್ಟೇ ಆಗಿದೆ ಮಾರಾಯ್ತಿ, ಬಿಸಾಡಿದೆವು" ಎಂದರು. ಆಮೇಲೆ ಪಟ್ಟಿ ಶುರುವಾಯಿತು. ಟೀಚರ್ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡರು.

ವಿಡಿಯೊದಲ್ಲಿದ್ದ ಹುಡುಗಿಯ ಅಮ್ಮ ಕೊನೆಗೆ ಬಾಯಿ ಬಿಟ್ಟರು. ಮಗಳು ಊಟ ಬಿಟ್ಟಿದ್ದಾಳೆ, ಅವಳಿಗೆ ಬೇಕಾದ್ದು ಎರಡೇ, ವಿಡಿಯೊ ಅಳಿಸಬೇಕು, ಪರೀಕ್ಷೆ ಬರೆಯಬೇಕು ಎಂದರು. ಇಷ್ಟೆಲ್ಲ ನಡೆದರೂ ಆ ಹುಡುಗಿಯನ್ನು ನಿನಗೆ ಏನು ಬೇಕು ಎಂದು ಅಲ್ಲಿವರೆಗೆ ಯಾರೂ ಕೇಳಿರಲಿಲ್ಲ. ಪಟ್ಟಿಯಲ್ಲಿ ಅದನ್ನೇ ಮೊದಲು ಬರೆಯಬೇಕು ಎಂದು ಹೇಳಿದ್ದು ಹೊಳೆ ಬದಿಯ ಹೆಂಗಸರು. ಹುಡುಗಿ ಅವರ ಕಡೆಯವಳಲ್ಲ.

ಎರಡನೇ ಸಭೆ

ಠಾಣೆಯಲ್ಲಿ ಒಬ್ಬರು ಮಹಿಳಾ ಪಿಎಸ್ಐ ಇದ್ದರು. ಟೀಚರ್ ಅವರಿಗೆ ಫೋನ್ ಮಾಡಿ, ಮುಂದಿನ ಸಭೆಗೆ ನಾವೂ ಬರುತ್ತೇವೆ ಎಂದರು. ಇನ್‌ಸ್ಪೆಕ್ಟರ್ ಮೊದಲು, "ನಿಮ್ಮ ಬೇಡಿಕೆ ಬರೆದು ಕೊಡಿ, ನಾನು ಓದುತ್ತೇನೆ" ಎಂದರಂತೆ. ಪಿಎಸ್ಐ ಒತ್ತಾಯ ಮಾಡಿದರು. ಕೊನೆಗೆ ಆಯಿತು ಬನ್ನಿ ಎಂದರು. ಇನ್‌ಸ್ಪೆಕ್ಟರ್ ಕೆಟ್ಟವರಲ್ಲ. ಹೊಸತು ಎಂದರೆ ಎಲ್ಲಿ ಇನ್ನೊಂದು ಗಲಾಟೆಯೋ ಎಂಬ ಹೆದರಿಕೆ ಅವರಿಗೆ.

ಎರಡೂ ಕಡೆಯ ಮುಖಂಡರಿಗೆ ಇದು ಹಿಡಿಸಲಿಲ್ಲ. ಹೆಂಗಸರು ಠಾಣೆ ಮೆಟ್ಟಿಲು ಹತ್ತುವುದು ನಮ್ಮಲ್ಲಿ ರೂಢಿಯಿಲ್ಲ ಎಂದು ಒಬ್ಬರು. ಮನೆ ಹೆಂಗಸರನ್ನು ಇದಕ್ಕೆಲ್ಲ ಎಳೆಯುವುದು ಬೇಡ ಎಂದು ಇನ್ನೊಬ್ಬರು. ಇಲ್ಲಿಯೂ ಇಬ್ಬರದ್ದೂ ಒಂದೇ ಮಾತು.

ಮಹಡಿ ಮೇಲಿನ ಹಾಲ್. ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಹೆಂಗಸರು ಕೂತರು. ಪಂಚಾಯತ್ ಅಧ್ಯಕ್ಷೆ ಈ ಸಲ ತಾವೇ ಬಂದಿದ್ದರು. ಮುಂದಿನ ಸಾಲಿನವರ ಮಾತು ಮುಗಿಯುವ ಹೊತ್ತಿಗೆ ಊಟದ ಸಮಯ ಆಗಿತ್ತು. ಇನ್‌ಸ್ಪೆಕ್ಟರ್ ವಂದನಾರ್ಪಣೆಗೆ ಎದ್ದಾಗ ಟೀಚರ್ ಎದ್ದು ನಿಂತು, "ಸರ್, ನಮ್ಮದು ಆಗಲಿಲ್ಲ" ಎಂದರು.

ಮೊದಲು ಮಾತಾಡಿದವರು ಮೀನಿನ ಅಕ್ಕ. ಅವರಿಗೆ ತುಳು ಸರಾಗ, ಕನ್ನಡದಲ್ಲಿ ಸಭೆಯ ಮಾತು ಬಾರದು. ಇನ್‌ಸ್ಪೆಕ್ಟರ್ ಉತ್ತರ ಕರ್ನಾಟಕದ ಕಡೆಯವರು, ತುಳು ತಿಳಿಯದು. ಪಿಎಸ್ಐ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತ ಹೋದರು. ಆಮೇಲೆ ಬ್ಯಾರಿ ಭಾಷೆಯಲ್ಲಿ ಮಾತಾಡಿದವರಿಗೆ ಒಕ್ಕೂಟದ ಹುಡುಗಿ ಜೊತೆಯಾದಳು. ನಾಲ್ಕೂವರೆಗೆ ಟೆಂಪೊ, ದಕ್ಕೆಯ ಹೊತ್ತು, ಬ್ರಾಂಚಿನ ಲೆಕ್ಕ, ಎಲೆ ಎಷ್ಟು ದಿನ ಇರುತ್ತದೆ, ಎಂಟು ಗಂಟೆಯ ಡ್ಯೂಟಿ ಬಿಟ್ಟವರು ಯಾವ ಸ್ಟಾಪಿನಲ್ಲಿ ಇಳಿಯುತ್ತಾರೆ, ಆ ಸ್ಟಾಪಿನ ಲೈಟು ಎಷ್ಟು ತಿಂಗಳಿಂದ ಉರಿಯುತ್ತಿಲ್ಲ, ಬೈಕಿನ ಹುಡುಗರು ಯಾವ ಗೋಡೆ ಮರೆಯಲ್ಲಿ ಕೂರುತ್ತಾರೆ. ಇನ್‌ಸ್ಪೆಕ್ಟರ್ ಈ ಕೊನೆಯ ಎರಡು ಮಾತಿಗೆ ಪೆನ್ನು ತೆಗೆದರು. ಬಂದೋಬಸ್ತಿಗೆ ಬೇಕಾದ ಮಾಹಿತಿ ಅದು. ಮುಂದಿನ ಸಾಲಿನವರು ಯಾರೂ ಅದನ್ನು ಹೇಳಿರಲಿಲ್ಲ. ಅವರು ಆ ಹೊತ್ತಿಗೆ ಆ ಸ್ಟಾಪಿನಲ್ಲಿ ಇಳಿಯುವವರಲ್ಲವಲ್ಲ.

ಐದನೇ ಅಂಶಕ್ಕೆ ಬಂದಾಗ ಬಿಸಿಯೇರಿತು. ಹಿರಿಯರೊಬ್ಬರು, "ಅದು ಹೆಣ್ಣುಮಕ್ಕಳ ಒಳ್ಳೆಯದಕ್ಕೇ ಬರೆದದ್ದು ಅಲ್ವಾ?" ಎಂದರು. ಚರ್ಚಿನ ಹಿಂದಿನ ಮನೆಯ ಒಬ್ಬ ತಾಯಿ ಎದ್ದರು. ಅವರ ಮಗಳು ನರ್ಸು. "ನನ್ನ ಮಗಳು ಡ್ಯೂಟಿ ಬಿಡುವುದೇ ಎಂಟಕ್ಕೆ. ಆರಕ್ಕೆ ಮನೆಗೆ ಹೇಗೆ ಬರುವುದು? ದಾರಿಯಲ್ಲಿ ನಿಲ್ಲಿಸಿ ಹೆಸರು ಕೇಳಿದವರು ಹುಡುಗರು. ಅವರ ಅಪ್ಪ ಅಮ್ಮನಿಗೆ ಒಂದು ಸಾಲೂ ಬರೆಯಲಿಲ್ಲ ನೀವು. ನಮ್ಮ ಮಕ್ಕಳಿಗೆ ಮಾತ್ರ ಬರೆದಿರಿ."

ಯಾರೂ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಜಮಾತಿನ ಅಧ್ಯಕ್ಷರೇ, "ಅದನ್ನು ತೆಗೆಯುವುದಾದರೆ ನಮ್ಮ ಅಭ್ಯಂತರ ಇಲ್ಲ" ಎಂದರು. ದೇವಸ್ಥಾನದವರು ಆಗಲಿ ಎಂದರು. ಹೊಸ ಐದನೇ ಅಂಶ ಹೀಗಾಯಿತು: "ದಾರಿಯಲ್ಲಿ ಯಾರನ್ನೂ ತಡೆದು ಹೆಸರು, ಧರ್ಮ ಕೇಳಬಾರದು. ಕೇಳಿದರೆ 112ಕ್ಕೆ ಕರೆ ಮಾಡುವುದು. ಠಾಣೆ ಕೂಡಲೇ ಕ್ರಮ ತೆಗೆದುಕೊಳ್ಳುವುದು."

ಸಿಕ್ಕಿದ್ದು, ಸಿಗದ್ದು

ಮೀನಿನವರಿಗೆ ಬೆಳಗ್ಗೆ ನಾಲ್ಕರಿಂದ ಹೋಗಲು ಠಾಣೆಯಿಂದ ಚೀಟಿ ಸಿಕ್ಕಿತು. ಬೀಡಿ ಬ್ರಾಂಚ್ ದಿನಕ್ಕೆ ಎರಡು ಗಂಟೆ ತೆರೆಯಿತು. ಸ್ಟಾಪಿನ ಲೈಟು ಪಂಚಾಯತ್ ಸರಿಮಾಡಿತು. ವಿಡಿಯೊ ಮಾಡಿದವರ ಮೇಲೆ ದೂರು ದಾಖಲಾಯಿತು. ರಾತ್ರಿಯ ಬಸ್ ಮಾತ್ರ ಹಿಂದೆ ಬರಲಿಲ್ಲ. ಪ್ರಯಾಣಿಕರಿಲ್ಲ, ನಷ್ಟ ಎಂದು ಬಸ್ಸಿನವರ ಉತ್ತರ. ನರ್ಸು ಹುಡುಗಿಯರು ಈಗಲೂ ರಿಕ್ಷಾಕ್ಕೆ ಸಂಬಳದ ಪಾಲು ಕೊಡುತ್ತಿದ್ದಾರೆ.

ಸುಳ್ಳು ಸುದ್ದಿ ತಡೆಯಲು ಹೆಂಗಸರು ಒಂದು ಏರ್ಪಾಡು ಮಾಡಿಕೊಂಡರು. ಪ್ರತಿ ಓಣಿಯಿಂದ ಇಬ್ಬರ ನಂಬರ್. ಏನಾದರೂ ಕೇಳಿಬಂದರೆ ಮೊದಲು ಆ ಓಣಿಯವರಿಗೆ ಫೋನ್, ಆಮೇಲೆ ಮಾತು. ಒಂದು ರಾತ್ರಿ ಗಾಳಿಮಳೆಗೆ ಕೆಳಗಿನ ಅಂಗಡಿಯೊಂದರ ಶೀಟಿನ ಮೇಲೆ ಧಡಾರನೆ ಏನೋ ಬಿತ್ತು. ಕಲ್ಲು ಹೊಡೆದರು ಎಂದು ಗ್ರೂಪುಗಳಲ್ಲಿ ಓಡಾಡಲು ಶುರುವಾಯಿತು. ಆಶಾ ಅಕ್ಕ ಹೊಳೆ ಬದಿಯ ಗೆಳತಿಗೆ ಫೋನ್ ಮಾಡಿದರು. ಆಕೆ ಟಾರ್ಚ್ ಹಿಡಿದು ಹೋಗಿ ನೋಡಿದರೆ ತೆಂಗಿನ ಮಡಲು. ಫೋಟೊ ತೆಗೆದು ಎರಡೂ ಕಡೆಗೆ, ಪಿಎಸ್ಐಗೆ ಕಳಿಸಿದರು. ಅಷ್ಟು ಹೊತ್ತಿಗೆ ಜಂಕ್ಷನ್ನಿನಲ್ಲಿ ಹುಡುಗರು ಸೇರತೊಡಗಿದ್ದರು. ಫೋಟೊ ನೋಡಿ ಚದುರಿದರು.

ಊರು ತಣ್ಣಗಾದದ್ದು ಹೆಂಗಸರಿಂದಲೇ ಎಂದು ನಾನು ಹೇಳುವುದಿಲ್ಲ. ಪೊಲೀಸ್ ಬಂದೋಬಸ್ತು ಬಿಗಿಯಾಗಿತ್ತು, ಕೆಲವರ ಬಂಧನವಾಗಿತ್ತು, ಮಳೆಯೂ ಜೋರಿತ್ತು. ನಾನು ಕಣ್ಣಾರೆ ಕಂಡದ್ದು ಇಷ್ಟು: ಒಪ್ಪಂದದ ಒಳಗಿನ ವಿಷಯ ಬದಲಾಯಿತು. ಕೊಲಂಬಿಯಾದಲ್ಲೂ ಇದೇ ಆಯಿತು. 2012ರಲ್ಲಿ ಸರ್ಕಾರ ಮತ್ತು ಫಾರ್ಕ್ ಬಂಡುಕೋರರ ಮಾತುಕತೆ ಶುರುವಾದಾಗ ಮೇಜಿನ ಸುತ್ತ ಬಹುಪಾಲು ಗಂಡಸರೇ. ಅಲ್ಲಿನ ಮಹಿಳಾ ಸಂಘಟನೆಗಳು ಪಟ್ಟು ಹಿಡಿದ ಮೇಲೆ 2014ರಲ್ಲಿ ಹವಾನಾದಲ್ಲಿ ಲಿಂಗಸಮಾನತೆಯ ಉಪಸಮಿತಿ ಬಂತು. 2016ರ ಒಪ್ಪಂದದಲ್ಲಿ ಹೆಂಗಸರಿಗೆ ಭೂಮಿಯ ಹಕ್ಕು, ಲೈಂಗಿಕ ಹಿಂಸೆಗೆ ಕ್ಷಮಾದಾನ ಇಲ್ಲ ಎಂಬ ಅಂಶಗಳು ಸೇರಿದವು. ಲೈಬೀರಿಯಾದಲ್ಲಿ 2003ರಲ್ಲಿ ಲೇಮಾ ಬೋವಿ ಮತ್ತು ಜೊತೆಗಾರ್ತಿಯರು ಘಾನಾದ ಅಕ್ರಾದಲ್ಲಿ ಮಾತುಕತೆಯ ಹಾಲಿನ ಬಾಗಿಲಿಗೇ ಅಡ್ಡ ಕೂತು, ಒಪ್ಪಂದ ಆಗದೆ ಯಾರನ್ನೂ ಹೊರಗೆ ಬಿಡುವುದಿಲ್ಲ ಎಂದರು. ಕ್ರೈಸ್ತ, ಮುಸ್ಲಿಂ ಹೆಂಗಸರು ಒಟ್ಟಿಗೆ ಬಿಳಿ ಬಟ್ಟೆ ತೊಟ್ಟು ಮಾಡಿದ ಹೋರಾಟ ಅದು. 2011ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮೂವರಲ್ಲಿ ಬೋವಿ ಒಬ್ಬರು. ಅಂಗನವಾಡಿಯಲ್ಲಿ ನಾನು ಇದನ್ನು ಹೇಳಿದಾಗ ಬೀಡಿಯ ಅಕ್ಕ ಒಬ್ಬರು, "ಅವರ ಊರಿನಲ್ಲಿ ನಮ್ಮ ಹಾಗೇ ಉಂಟಲ್ಲ" ಎಂದರು.

ಬೆಲೆ ತೆತ್ತವರೂ ಇದ್ದಾರೆ. ಠಾಣೆಗೆ ಹೋದ ಹೆಂಗಸರ ಫೋಟೊವನ್ನು ಯಾರೋ ಕೊಳಕು ಮಾತು ಸೇರಿಸಿ ಹಂಚಿದರು. ಎಲೆಯ ಕಟ್ಟು ತಂದಿದ್ದ ದೊಡ್ಡ ಹೆಂಗಸಿನ ಸೊಸೆಯನ್ನು ಮನೆಯವರು ಆಮೇಲೆ ಸಭೆಗೆ ಬಿಡಲಿಲ್ಲ. ಹೆಂಗಸರನ್ನು ಮುಂದೆ ಬನ್ನಿ ಎಂದು ಕರೆಯುವವರು ಬಂದವರ ಬೆನ್ನಿಗೆ ಯಾರು ನಿಲ್ಲುತ್ತಾರೆ ಎಂಬುದನ್ನೂ ಮೊದಲೇ ಯೋಚಿಸಬೇಕು. ಈ ಪ್ರಕರಣದಲ್ಲಿ ಆ ಯೋಚನೆ ಸಾಲದಾಯಿತು. ಪಿಎಸ್ಐ ಎರಡು ಮನೆಗೆ ಹೋಗಿ ಮಾತಾಡಿದರು, ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ.

ಆ ಹುಡುಗಿ ಪರೀಕ್ಷೆ ಬರೆದಳು, ಆದರೆ ಇಲ್ಲಿ ಅಲ್ಲ. ಉಡುಪಿಯಲ್ಲಿ ದೊಡ್ಡಮ್ಮನ ಮನೆ ಸೇರಿ ಅಲ್ಲಿನ ಕಾಲೇಜಿನಲ್ಲಿ ಓದು ಮುಂದುವರಿಸಿದ್ದಾಳೆ. ವಿಡಿಯೊ ಪೂರ್ತಿ ಅಳಿದಿಲ್ಲ. ಈಗಲೂ ಎಲ್ಲೋ ಒಂದು ಗ್ರೂಪಿನಲ್ಲಿ ತಲೆಯೆತ್ತುತ್ತದೆ. ತಪ್ಪು ಮಾಡದವಳು ಊರು ಬಿಟ್ಟಳು, ನಿಲ್ಲಿಸಿ ಹೊಡೆದವರು ಜಾಮೀನಿನ ಮೇಲೆ ಊರಿಗೆ ಬಂದರು. ಸಭೆ ಚೆನ್ನಾಗಿ ಆಯಿತು ಎಂದು ಯಾರಾದರೂ ಹೇಳಿದಾಗ ನನಗೆ ಇದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಈಗ

ಆ ಇನ್‌ಸ್ಪೆಕ್ಟರ್‌ಗೆ ವರ್ಗವಾಯಿತು. ಮುಂದಿನ ಚೌತಿಯ ಶಾಂತಿ ಸಭೆಗೆ ಫೋನ್ ಹೋದದ್ದು ಮತ್ತೆ ಹಳೇ ಪಟ್ಟಿಗೆ. ಟೀಚರ್ ಪಿಎಸ್ಐಗೆ ಫೋನ್ ಮಾಡಿ ನೆನಪಿಸಿದ ಮೇಲೆ ಇಬ್ಬರಿಗೆ ಕರೆ ಬಂತು. ಒಬ್ಬರ ಒಳ್ಳೆತನದ ಮೇಲೆ ನಿಂತ ಏರ್ಪಾಡು ಅವರ ಜೊತೆಗೇ ವರ್ಗವಾಗಿ ಹೋಗುತ್ತದೆ. ಹೆಂಗಸರು ಈಗ ಜಿಲ್ಲಾಡಳಿತಕ್ಕೆ ಮತ್ತು ಪೊಲೀಸ್ ಮೇಲಧಿಕಾರಿಗಳಿಗೆ ಮನವಿ ಕೊಟ್ಟಿದ್ದಾರೆ. ಶಾಂತಿ ಸಮಿತಿಯ ಮೂರನೇ ಒಂದು ಭಾಗವಾದರೂ ಹೆಂಗಸರಿರಬೇಕು. ಅಂಗನವಾಡಿ ಕಾರ್ಯಕರ್ತೆ, ಆಶಾ, ಸಂಜೀವಿನಿ ಒಕ್ಕೂಟ, ಬೀಡಿ ಮತ್ತು ಮೀನಿನವರ ಪ್ರತಿನಿಧಿಗಳನ್ನು ಹುದ್ದೆಯ ಮೇಲೇ ಪಟ್ಟಿಗೆ ಸೇರಿಸಬೇಕು. ಚುನಾಯಿತ ಸದಸ್ಯೆಯ ಬದಲು ಗಂಡ ಕೂರಬಾರದು. ಸಭೆ ಬೀಡಿ ಬ್ರಾಂಚಿನ ಹೊತ್ತಿಗೆ ಇಡಬಾರದು. ತುಳು, ಬ್ಯಾರಿ, ಕೊಂಕಣಿಯಲ್ಲಿ ಮಾತಾಡಲು ಅವಕಾಶ ಇರಬೇಕು. ಮಾತಾಡಿದವರ ಮೇಲೆ ಬೆದರಿಕೆ ಬಂದರೆ ಯಾವ ಅಧಿಕಾರಿ ಹೊಣೆ ಎಂದು ಹೆಸರು ಹೇಳಬೇಕು.

ಮನವಿಗೆ ಸ್ವೀಕೃತಿಯ ಸೀಲು ಬಿದ್ದಿದೆ. ಆದೇಶ ಇನ್ನೂ ಬಂದಿಲ್ಲ. ಸಂಜೀವಿನಿಯ ಹುಡುಗಿ ಅದರ ಪ್ರತಿಗಳನ್ನು ಉಡುಪಿ, ಬಂಟ್ವಾಳದ ಒಕ್ಕೂಟಗಳಿಗೂ ಕಳಿಸಿದ್ದಾಳೆ. ಅಲ್ಲಿನವರು ತಮ್ಮ ಠಾಣೆಯ ಪಟ್ಟಿಯಲ್ಲಿ ಯಾರ ಹೆಸರಿದೆ ಎಂದು ಕೇಳತೊಡಗಿದ್ದಾರೆ.